ರಣರಂಗದಿಂದ ಎಷ್ಟು ದೂರದಲ್ಲಿ ಅಚ್ಚಾಯಿತು? ಆಂಗ್ಲೋ-ಸಿಖ್ ಯುದ್ಧಗಳ ಮುದ್ರಿತ ಚಿತ್ರಗಳನ್ನು ಸಂಗ್ರಹಿಸುವವರಿಗೆ

ಪ್ರಶ್ನೆ: ನಾನು ಧಾರವಾಡದವನು, ಕೆಲಸದ ನಿಮಿತ್ತ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಇಲ್ಲಿನ ಹಳೆಯ ವಸ್ತುಗಳ ಸಂತೆಯಲ್ಲಿ ಬಣ್ಣದ ಮುದ್ರಿತ ಚಿತ್ರವೊಂದನ್ನು ಕೊಂಡೆ. ಕೆಂಪು ಅಂಗಿಯ ಭರ್ಜಿ ಸವಾರರು ಸಿಖ್ ಕಾಲಾಳುಗಳ ಮೇಲೆ ನುಗ್ಗುತ್ತಿದ್ದಾರೆ; ಕೆಳಗೆ ಅಲಿವಾಲ್, 28 ಜನವರಿ 1846 ಎಂದಿದೆ. ಮಾರಿದವರು ಇದು ಆ ಕಾಲದ್ದೇ ಎಂದರು. ಅದು ನಿಜವೇ ಎಂದು ತಿಳಿಯುವುದು ಹೇಗೆ? ಸಿಖ್ ಯುದ್ಧಗಳಿಗೆ ಸಂಬಂಧಿಸಿದ ಇಂಥ ಮುದ್ರಿತ ಸಾಮಗ್ರಿಯನ್ನೇ ಸಂಗ್ರಹಿಸುವ ಆಸೆ ಹುಟ್ಟಿದೆ. ಹೆಚ್ಚು ಹಣವಿಲ್ಲ. ಎಲ್ಲಿಂದ ಆರಂಭಿಸಲಿ? ಗೆದ್ದವರು ತಮ್ಮ ಹೆಮ್ಮೆಗಾಗಿ ಮಾಡಿಸಿದ ಚಿತ್ರಗಳನ್ನು ನಾವು ಗೋಡೆಗೆ ಹಾಕಿಕೊಳ್ಳುವುದು ಸರಿಯೇ ಎಂಬ ಅಳುಕೂ ಇದೆ. ಮುಂದೆ ಊರಿಗೆ ಮರಳುವಾಗ ಇವನ್ನು ತರಬಹುದೇ, ನಮ್ಮ ಮಳೆಗಾಲದಲ್ಲಿ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಅಳುಕಿನಿಂದಲೇ ಆರಂಭಿಸುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದೂ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಗೂ ಲಾಹೋರಿನ ಸಿಖ್ ರಾಜ್ಯಕ್ಕೂ ಎರಡು ಯುದ್ಧಗಳು ನಡೆದವು, 1845-46ರಲ್ಲಿ ಒಂದು, 1848-49ರಲ್ಲಿ ಇನ್ನೊಂದು. 1845ರ ಡಿಸೆಂಬರ್ 18ರಂದು ಮುದ್ಕಿಯಲ್ಲಿ ಮೊದಲ ಯುದ್ಧ ಆರಂಭವಾದಾಗ ಸಟ್ಲೆಜ್ ನದಿಯ ಎರಡು ದಡಗಳಲ್ಲಿ ಮುದ್ರಣದ ಸ್ಥಿತಿ ಒಂದೇ ರೀತಿ ಇರಲಿಲ್ಲ. ಕಂಪನಿಯ ಕಡೆ ಕಲ್ಕತ್ತ, ಸೆರಾಂಪುರ, ಆಗ್ರಾ, ದೆಹಲಿಗಳಲ್ಲಿ ಅಚ್ಚುಕೂಟಗಳಿದ್ದವು, ಪತ್ರಿಕೆಗಳಿದ್ದವು. ಗಡಿಯ ಪಟ್ಟಣ ಲೂಧಿಯಾನದಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿಗಳು 1836ರಲ್ಲೇ ಮುದ್ರಣಾಲಯ ಸ್ಥಾಪಿಸಿದ್ದರು. ಲಾಹೋರ್ ದರ್ಬಾರಿನ, ಅಂದರೆ ಸಿಖ್ ಅರಸೊತ್ತಿಗೆಯ, ಬಳಿ ಫಿರಂಗಿಗಳಿದ್ದವು, ಯುರೋಪಿನ ಸೇನಾನಿಗಳಿಂದ ತರಬೇತಾದ ಪಡೆಗಳಿದ್ದವು, ನುರಿತ ಚಿತ್ರಕಾರರಿದ್ದರು. ಆದರೆ ತನ್ನ ಮಾತನ್ನು ಊರೂರಿಗೆ ಮುಟ್ಟಿಸುವ ಪತ್ರಿಕೆ ಇರಲಿಲ್ಲ. ಲಾಹೋರಿನಲ್ಲಿ ‘ಕೋಹಿನೂರ್’ ಎಂಬ ಉರ್ದು ವಾರಪತ್ರಿಕೆ ಹೊರಟಿದ್ದು 1850ರ ಜನವರಿಯಲ್ಲಿ, ರಾಜ್ಯವೇ ಕಂಪನಿಯ ಪಾಲಾದ ಮರುವರ್ಷ. ಹೀಗಾಗಿ ಈ ಯುದ್ಧಗಳ ಕಾಲದಲ್ಲೇ ಅಚ್ಚಾದದ್ದನ್ನು ಸಂಗ್ರಹಿಸುತ್ತೇನೆ ಎಂದು ಹೊರಟವರಿಗೆ ಸಿಗುವುದು ಹೆಚ್ಚುಕಡಿಮೆ ಒಂದೇ ಪಕ್ಷದ ಮಾತು. ಅದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಒಂದೇ ಪಕ್ಷದ ಮಾತೆಂದು ಗುರುತಿಸದೆ ಗೋಡೆಗೆ ಹಾಕಿದರೆ ಮಾತ್ರ ತಪ್ಪು. ಪ್ರತಿಯೊಂದು ಹಾಳೆಯನ್ನೂ ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಇಷ್ಟು: ಇದನ್ನು ಬರೆದವನು ರಣರಂಗದಿಂದ ಎಷ್ಟು ದೂರದಲ್ಲಿದ್ದ, ಅಚ್ಚಾದದ್ದು ಎಷ್ಟು ದಿನಗಳ ನಂತರ, ಯಾರ ಖರ್ಚಿನಲ್ಲಿ? ಅಂದಕ್ಕಿಂತ, ಹಳೆಯದೆಂಬ ಗರಿಮೆಗಿಂತ ನಾನು ಈ ದೂರಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಈ ಅಳತೆಗೋಲನ್ನು ನಿಮ್ಮ ಚಿತ್ರಕ್ಕೇ ಹಿಡಿಯೋಣ. ನೀವು ವರ್ಣಿಸಿದ ದೃಶ್ಯ ಲಂಡನ್ನಿನ ರುಡಾಲ್ಫ್ ಆಕರ್ಮನ್ ಯುದ್ಧ ಮುಗಿದ ಒಂದೆರಡು ವರ್ಷಗಳಲ್ಲೇ ಪ್ರಕಟಿಸಿದ ಮಾಲಿಕೆಗೆ ಹೊಂದುತ್ತದೆ. ಚಿತ್ರ ಬರೆದವನು ಹೆನ್ರಿ ಮಾರ್ಟೆನ್ಸ್, ತಗಡಿನ ಮೇಲೆ ಕೊರೆದವನು ಜೆ. ಹ್ಯಾರಿಸ್. ಮುದ್ಕಿ, ಫಿರೋಜ್‌ಶಾ, ಸೊಬ್ರಾಂವ್, ಮುಂದೆ ಚಿಲಿಯಾನ್‌ವಾಲಾ ಕದನಗಳನ್ನೂ ಈ ಜೋಡಿ ಚಿತ್ರಿಸಿತು. ಮಾರ್ಟೆನ್ಸ್ ಬರೆದದ್ದು ಲಂಡನ್ನಿನ ಚಿತ್ರಶಾಲೆಯಲ್ಲಿ. ಕೆಲವು ಚಿತ್ರಗಳಿಗೆ 31ನೆಯ ರೆಜಿಮೆಂಟಿನ ಮೇಜರ್ ವೈಟ್ ಸ್ಥಳದಲ್ಲೇ ಗೀಚಿ ತಂದ ರೇಖಾಚಿತ್ರಗಳು ಆಧಾರ. ಸಮವಸ್ತ್ರದ ಗುಂಡಿ, ಪಟ್ಟಿ, ಟೋಪಿ ಅತ್ಯಂತ ಖಚಿತವಾಗಿರುವುದಕ್ಕೆ ಕಾರಣವೂ ಇದೆ: ಇವನ್ನು ಕೊಳ್ಳುತ್ತಿದ್ದವರು ಅದೇ ರೆಜಿಮೆಂಟಿನ ಅಧಿಕಾರಿಗಳು, ಅವರ ಮನೆಯವರು. ಗುಂಡಿ ತಪ್ಪಿದ್ದರೆ ಚಿತ್ರ ಮಾರಾಟವಾಗುತ್ತಿರಲಿಲ್ಲ. ಎದುರು ಪಕ್ಷದ ಸಿಖ್ ಸೈನಿಕರ ಉಡುಪಿನ ಬಗ್ಗೆ ಅಷ್ಟು ಎಚ್ಚರ ವಹಿಸಲು ಅಂಥ ಗಿರಾಕಿ ಯಾರೂ ಇರಲಿಲ್ಲ.

ಅಲಿವಾಲ್‌ನಲ್ಲಿ ಕಂಪನಿಯ ಕಡೆ ಸರ್ ಹ್ಯಾರಿ ಸ್ಮಿತ್, ಸಿಖ್ಖರ ಕಡೆ ರಣಜೋಧ್ ಸಿಂಗ್ ಮಜೀಠಿಯಾ. ಭರ್ಜಿ ಸವಾರರ 16ನೆಯ ಲ್ಯಾನ್ಸರ್ಸ್ ದಳ ಸಿಖ್ ಕಾಲಾಳುಗಳ ವ್ಯೂಹವನ್ನು ಭೇದಿಸಿದ್ದು ನಿಜ. ಆ ಒಂದು ರೆಜಿಮೆಂಟಿನಲ್ಲೇ ಸತ್ತವರು, ಗಾಯಗೊಂಡವರು ಸೇರಿ 140ಕ್ಕೂ ಹೆಚ್ಚು ಎಂಬುದೂ ಅಷ್ಟೇ ನಿಜ. ಕುದುರೆ ನುಗ್ಗಿದಾಗ ಬಂದೂಕು ಬಿಸುಟು ಕತ್ತಿ ಹಿಡಿದು ನಿಂತ ಸಿಖ್ಖರ ಕೆಚ್ಚನ್ನು ಬ್ರಿಟಿಷ್ ಅಧಿಕಾರಿಗಳೇ ಹೊಗಳಿ ಬರೆದಿದ್ದಾರೆ. ಚಿತ್ರದಲ್ಲಿ ನಿಮ್ಮ ಕಣ್ಣು ಮೊದಲು ಸವಾರನ ಮೇಲೆ ಬೀಳುತ್ತದೆ. ಅದು ಮಾರ್ಟೆನ್ಸ್‌ನ ಕೈಚಳಕ. ಕೊಂಡವರು ನೀವು, ಈಗ ನೆಲದಲ್ಲಿರುವವನ ಕಡೆಗೂ ನೋಡಿ.

ಇದು ಆ ಕಾಲದ್ದೇ ಹೌದೋ ಎಂಬುದನ್ನು ಕಾಗದವೇ ಹೇಳುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೊಳ್ಳಿ. ಸಂಗ್ರಹಕಾರನಿಗೆ ಅದಕ್ಕಿಂತ ಅಗ್ಗದ ಮತ್ತು ಅಷ್ಟು ಉಪಯುಕ್ತವಾದ ಸಾಧನ ಇನ್ನೊಂದಿಲ್ಲ. ಆಕರ್ಮನ್ನನ ಈ ಚಿತ್ರಗಳು ಅಕ್ವಾಟಿಂಟ್ ವಿಧಾನದವು: ತಾಮ್ರದ ತಗಡಿನ ಮೇಲೆ ರಾಳದ ಪುಡಿ ಹರಡಿ, ಆಮ್ಲದಲ್ಲಿ ಕೊರೆಯಿಸಿ, ಶಾಯಿ ತುಂಬಿ ಅಚ್ಚೊತ್ತುತ್ತಿದ್ದರು. ಆದ್ದರಿಂದ ಆಕಾಶ, ಹೊಗೆ, ನೆರಳು ಇರುವಲ್ಲಿ ಕನ್ನಡಿಯ ಕೆಳಗೆ ಒಂದರಂತೆ ಇನ್ನೊಂದಿಲ್ಲದ ಸಣ್ಣ ಸಣ್ಣ ಕಣಗಳ ಜಾಲ ಕಾಣಬೇಕು. ಬಣ್ಣವನ್ನು ಮೇಲೆ ಕುಂಚದಿಂದ ಹಚ್ಚುತ್ತಿದ್ದರು. ಎಲ್ಲೋ ಒಂದು ಕಡೆ ಕೆಂಪು ಗೆರೆ ದಾಟಿ ಹರಿದಿರುತ್ತದೆ, ಕುದುರೆಯ ಮೈಯಲ್ಲಿ ಕುಂಚದ ತೇವ ನಿಂತು ಒಣಗಿದ ಅಂಚು ಕಾಣುತ್ತದೆ. ಚಿತ್ರದ ಸುತ್ತ ತಗಡು ಒತ್ತಿದ ಆಯತಾಕಾರದ ತಗ್ಗು ಬೆರಳಿಗೆ ತಾಗಬೇಕು. ಅಂಚು ಕತ್ತರಿಸಿದ್ದರೆ ಅದು ಹೋಗಿರುತ್ತದೆ, ಬೆಲೆಯೂ ಅದರೊಂದಿಗೆ ಇಳಿಯುತ್ತದೆ. ಇದರ ಬದಲು ಕನ್ನಡಿಯ ಕೆಳಗೆ ಸಾಲಾಗಿ ಜೋಡಿಸಿದ ಒಂದೇ ಅಂತರದ ಚುಕ್ಕೆಗಳು, ಅಥವಾ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳ ಪುಟ್ಟ ಹೂವುಗಳು ಕಂಡರೆ ಅದು ಫೋಟೊ ತೆಗೆದು ಯಂತ್ರದಲ್ಲಿ ಮುದ್ರಿಸಿದ ನಕಲು. ಅಂಥ ಚುಕ್ಕೆ ಮುದ್ರಣ ಬಳಕೆಗೆ ಬಂದದ್ದೇ 1880ರ ದಶಕದಲ್ಲಿ. ಬಣ್ಣದ ಚುಕ್ಕೆಗಳ ಹೂವಾದರೆ ಇನ್ನೂ ಎಷ್ಟೋ ಈಚಿನದು.

ಚೌಕಟ್ಟಿನಿಂದ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಇಂಗ್ಲೆಂಡಿನ ವಾಟ್‌ಮನ್ ಕಾರ್ಖಾನೆಯ ಕಾಗದವಾದರೆ ಅದರೊಳಗೆ ಕಾಣುವ ನೀರುಗುರುತಿನಲ್ಲಿ ತಯಾರಿಕೆಯ ವರ್ಷವೂ ಇರುವುದುಂಟು. ಅಲ್ಲಿ 1846 ಅಥವಾ 1847 ಕಂಡರೆ ಸಂತೋಷಪಡಿ. 1860ರ ದಶಕದ ವರ್ಷ ಕಂಡರೆ ಅದು ಹಳೆಯ ತಗಡಿನಿಂದಲೇ ಆಮೇಲೆ ತೆಗೆದ ಪ್ರತಿ. ಅದು ಮೋಸದ ಮಾಲಲ್ಲ, ಆದರೆ ಮೊದಲ ಪ್ರತಿಯ ಬೆಲೆ ಅದಕ್ಕೆ ಸಲ್ಲದು. ಸವೆದ ತಗಡಿನಿಂದ ಬಂದ ಆಕಾಶ ಬೋಳಾಗಿರುತ್ತದೆ. ಚಿತ್ರದ ಕೆಳಗಿನ ಸಣ್ಣಕ್ಷರದ ಸಾಲು, ಅಂದರೆ ಕಲಾವಿದ, ಕೊರೆದವನು, ಪ್ರಕಾಶಕ, ರೀಜೆಂಟ್ ಸ್ಟ್ರೀಟ್ ವಿಳಾಸ ಮತ್ತು ದಿನಾಂಕ, ಪೂರ್ತಿ ಉಳಿದಿದೆಯೇ ನೋಡಿಕೊಳ್ಳಿ. ಬಹಳಷ್ಟು ಜನ ಚೌಕಟ್ಟಿಗೆ ಹೊಂದಿಸಲು ಮೊದಲು ಕತ್ತರಿಸಿದ್ದು ಈ ಸಾಲನ್ನೇ.

ಹಣ ಹೆಚ್ಚಿಲ್ಲ ಎಂದಿದ್ದೀರಿ. ಹಾಗಾದರೆ ಆಕರ್ಮನ್ನನ ಮಾಲಿಕೆಯನ್ನು ಪೂರ್ಣಗೊಳಿಸುವ ಹಟ ಬೇಡ. ಒಂದೊಂದು ಒಳ್ಳೆಯ ಪ್ರತಿಗೆ ನೂರಾರು ಪೌಂಡ್ ಬೇಕು. ಅದರ ಬದಲು ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. 1842ರ ಮೇ 14ರಂದು ಆರಂಭವಾದ ಆ ವಾರಪತ್ರಿಕೆಯ ಬೆಲೆ ಆಗ 6 ಪೆನ್ಸ್. ಅದರ ಬಿಡಿ ಪುಟಗಳು ಇಂದಿಗೂ ಒಂದು ಸಾಧಾರಣ ಊಟದ ಬೆಲೆಗೆ ಸಿಗುತ್ತವೆ. ಚಿತ್ರಗಳು ಮರದಚ್ಚಿನವು. ಗಟ್ಟಿಯಾದ ಬಾಕ್ಸ್ ಮರದ ಸಣ್ಣ ತುಂಡುಗಳನ್ನು ಬಿಗಿದು ಒಂದು ದೊಡ್ಡ ಹಲಗೆ ಮಾಡಿ, ಬೇರೆಬೇರೆ ಕೆತ್ತನೆಗಾರರ ಕೈಗೆ ಹಂಚಿ, ಮತ್ತೆ ಜೋಡಿಸಿ ಅಚ್ಚಿಗೆ ಹಾಕುತ್ತಿದ್ದರು. ದೊಡ್ಡ ಚಿತ್ರಗಳಲ್ಲಿ ಆಕಾಶದ ಮೂಲಕ ಹಾದುಹೋಗುವ ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅದು ದೋಷವಲ್ಲ, ಎರಡು ತುಂಡುಗಳು ಕೂಡಿದ ಜಾಗ. ಇನ್ನೊಂದು ಎಚ್ಚರಿಕೆ: ಈ ಪತ್ರಿಕೆ ಬಣ್ಣದಲ್ಲಿ ಚಿತ್ರ ಮುದ್ರಿಸಿದ್ದು ಮೊದಲ ಬಾರಿಗೆ 1855ರ ಕ್ರಿಸ್‌ಮಸ್ ಸಂಚಿಕೆಯಲ್ಲಿ. ಆದ್ದರಿಂದ 1846ರ ಬಣ್ಣದ ಪುಟ ಎಂದು ಯಾರಾದರೂ ತೋರಿಸಿದರೆ ಆ ಬಣ್ಣ ಇತ್ತೀಚೆಗೆ ಯಾರೋ ಮಾರಾಟಕ್ಕಾಗಿ ಹಚ್ಚಿದ್ದು. ನಾನು ಬಣ್ಣವಿಲ್ಲದ್ದನ್ನೇ ಆರಿಸುತ್ತೇನೆ.

ಈ ಪುಟಗಳ ಹಿಂಬದಿಯನ್ನು ಓದದೆ ಬಿಡಬೇಡಿ. ಆಗ ಭಾರತಕ್ಕೂ ಲಂಡನ್ನಿಗೂ ನಡುವೆ ತಂತಿ ಇರಲಿಲ್ಲ. ಸೂಯೆಜ್ ದಾರಿಯ ಅಂಚೆಯಲ್ಲಿ ಸುದ್ದಿ ತಲುಪಲು ಒಂದೂವರೆ ತಿಂಗಳಿನಷ್ಟು ಹಿಡಿಯುತ್ತಿತ್ತು. ಎರಡನೆಯ ಯುದ್ಧದಲ್ಲಿ, 1849ರ ಜನವರಿ 13ರಂದು ಚಿಲಿಯಾನ್‌ವಾಲಾದಲ್ಲಿ ಸರಸೇನಾಪತಿ ಹ್ಯೂ ಗಫ್‌ನ ಸೈನ್ಯ 2,300ಕ್ಕೂ ಹೆಚ್ಚು ಮಂದಿಯನ್ನು, ಸತ್ತವರನ್ನೂ ಗಾಯಾಳುಗಳನ್ನೂ ಸೇರಿಸಿ, ಕಳೆದುಕೊಂಡಿತು. ಆ ಸುದ್ದಿ ಲಂಡನ್ ತಲುಪಿದ್ದು ಮಾರ್ಚ್ ಆರಂಭದಲ್ಲಿ. ಊರೆಲ್ಲ ರೊಚ್ಚಿಗೆದ್ದಿತು, ಗಫ್‌ನ ಬದಲಿಗೆ ಇನ್ನೊಬ್ಬ ಸೇನಾನಿ ಚಾರ್ಲ್ಸ್ ನೇಪಿಯರ್‌ನನ್ನು ನೇಮಿಸಿದರು. ನೇಪಿಯರ್ ಹಿಂದೇಟು ಹಾಕಿದಾಗ ‘ನೀನು ಹೋಗದಿದ್ದರೆ ನಾನೇ ಹೋಗಬೇಕಾಗುತ್ತದೆ’ ಎಂದು ಹೇಳಿದ್ದಾಗಿ ಪ್ರಸಿದ್ಧನಾದ ಮುದುಕ ಬೇರೆ ಯಾರೂ ಅಲ್ಲ, ವೆಲಿಂಗ್ಟನ್ ಡ್ಯೂಕ್: ಅರ್ಧ ಶತಮಾನದ ಹಿಂದೆ 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಆದರೆ ಲಂಡನ್ ಹೀಗೆ ಕುದಿಯುತ್ತಿದ್ದ ಹೊತ್ತಿಗೆ ಗಫ್ ಫೆಬ್ರವರಿ 21ರಂದೇ ಗುಜ್ರಾತ್ ಕದನವನ್ನು ಗೆದ್ದಾಗಿತ್ತು. ಅದು ಅಲ್ಲಿಗೆ ಗೊತ್ತಾಗುವಾಗ ಇನ್ನೊಂದು ತಿಂಗಳು ಕಳೆದಿತ್ತು. ಮಾರ್ಚ್ 1849ರ ಪತ್ರಿಕೆಗಳನ್ನು ಈ ತಿಳಿವಳಿಕೆಯೊಂದಿಗೆ ಓದಿ. ಆಗಲೇ ಗೆದ್ದವನನ್ನು ಸೋತವನೆಂದು ಬಯ್ಯುವ ಒಂದು ಇಡೀ ತಿಂಗಳು ಆ ಪುಟಗಳಲ್ಲಿ ಹಾಗೇ ಉಳಿದಿದೆ. ಆಮೇಲೆ ಬಂದ ಯಾವ ಇತಿಹಾಸ ಪುಸ್ತಕವೂ ಆ ಅನಿಶ್ಚಿತತೆಯನ್ನು ಹೀಗೆ ಕೊಡಲಾರದು. ಹಳೆಯ ಪತ್ರಿಕೆ ಕೊಳ್ಳುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಒಂದು ಬೇಡಿಕೆಯೂ ಇದೆ. ಬಿಡಿ ಪುಟಗಳು ಬರುವುದು ಅರ್ಧ ವರ್ಷದ ಸಂಪುಟಗಳನ್ನು ಹರಿದು ಮಾರುವವರಿಂದ. ಹರಿದಾಗಿರುವ ಪುಟ ಕೊಳ್ಳಿ, ಚಿಂತೆಯಿಲ್ಲ. ಆದರೆ ರಟ್ಟು ಗಟ್ಟಿಯಾಗಿರುವ ಸಂಪುಟವೇ ನಿಮ್ಮ ಕೈಗೆ ಬಂದರೆ ದಯವಿಟ್ಟು ಹರಿಯಬೇಡಿ. 1846ರ ಮೊದಲಾರ್ಧದ ಸಂಪುಟದಲ್ಲಿ ಸಿಖ್ ಯುದ್ಧ, ಅದರ ಪಕ್ಕದಲ್ಲೇ ಧಾನ್ಯದ ಸುಂಕದ ಕಾನೂನುಗಳನ್ನು ರದ್ದುಗೊಳಿಸುವ ಜಗಳ, ಐರ್ಲೆಂಡಿನ ಆಲೂಗೆಡ್ಡೆ ಬೆಳೆಯ ನಾಶ ಎಲ್ಲ ಒಟ್ಟಿಗಿವೆ. ಫಿರೋಜ್‌ಶಾ ಕದನದ ಚಿತ್ರವನ್ನು ಕಿತ್ತು ಚೌಕಟ್ಟಿಗೆ ಹಾಕಿದರೆ ಆ ನೆರೆಹೊರೆ ಹೋಗುತ್ತದೆ.

ಇದಕ್ಕಿಂತ ರಣರಂಗಕ್ಕೆ ಹತ್ತಿರದ್ದು ಬೇಕೆಂದರೆ ಕಲ್ಲಚ್ಚಿನ ಚಿತ್ರಗಳತ್ತ ಬನ್ನಿ. ಕಲ್ಲಚ್ಚು ಕನ್ನಡಿಗರಿಗೆ ಹೊಸದಲ್ಲ. 1843ರ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲೇ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದುದನ್ನೇ ಅಚ್ಚೊತ್ತುವುದರಿಂದ ಬರೆದವನ ಕೈ ಮತ್ತು ನಮ್ಮ ಕಣ್ಣಿನ ನಡುವೆ ಕೆತ್ತನೆಗಾರನ ಉಳಿ ಬರುವುದಿಲ್ಲ. ಭೂತಗನ್ನಡಿಯಲ್ಲಿ ಬಳಪ ಒರಟು ಮೇಲ್ಮೈಯ ಮೇಲೆ ಉಜ್ಜಿದಂಥ ಮುರಿದ ಗೆರೆ ಕಾಣುತ್ತದೆ, ಸುತ್ತ ತಗಡಿನ ತಗ್ಗು ಇರುವುದಿಲ್ಲ. ನನಗೆ ಅತ್ಯಂತ ಪ್ರಿಯವಾದದ್ದು ಜಾನ್ ಡನ್‌ಲಾಪ್‌ನ ಮುಲ್ತಾನ್ ಚಿತ್ರಗಳು. ಆತ 32ನೆಯ ರೆಜಿಮೆಂಟಿನ ಸಹಾಯಕ ವೈದ್ಯ, ಎರಡನೆಯ ಯುದ್ಧದಲ್ಲಿ ಬ್ರಿಟಿಷರು ಮುಲ್ತಾನಿಗೆ ಹಾಕಿದ ಮುತ್ತಿಗೆಯಲ್ಲಿ ಸ್ವತಃ ಇದ್ದವನು. ಮುಲ್ತಾನಿನ ದಿವಾನ ಮೂಲರಾಜನ ಕೋಟೆಯ ಸಿಡಿಮದ್ದಿನ ಉಗ್ರಾಣಕ್ಕೆ 1848ರ ಡಿಸೆಂಬರ್ 30ರಂದು ಗುಂಡು ಬಿದ್ದು, ಒಂದೇ ಸ್ಫೋಟಕ್ಕೆ ಒಳಗಿದ್ದ ನೂರಾರು ಮಂದಿ ಸತ್ತರು. 1849ರ ಜನವರಿ 22ರಂದು ಮೂಲರಾಜ ಶರಣಾದ. ಡನ್‌ಲಾಪ್ ಬರೆದ 21 ಚಿತ್ರಗಳು ಅದೇ 1849ರಲ್ಲಿ ಲಂಡನ್ನಿನಲ್ಲಿ ಕಲ್ಲಚ್ಚಿನಲ್ಲಿ ಹೊರಬಂದವು. ಅವುಗಳಲ್ಲಿ ವೀರಾವೇಶ ಕಡಿಮೆ. ಗುಂಡು ತಗುಲಿ ಸೀಳಿದ ಗುಮ್ಮಟ, ಹಾಳುಬಿದ್ದ ಬೀದಿ, ಕುಸಿದ ಗೋಡೆ. ವೈದ್ಯನ ಕಣ್ಣು ಗಾಯವನ್ನೇ ನೋಡಿದೆ. ಇಡೀ ಪುಸ್ತಕ ದುಬಾರಿ, ಬಿಡಿ ಹಾಳೆಗಳು ಆಗಾಗ ಹರಾಜಿಗೆ ಬರುತ್ತವೆ. ಆಕರ್ಮನ್ನನ ಎರಡು ಚಿತ್ರ ಕೊಳ್ಳುವ ಹಣದಲ್ಲಿ ಇವುಗಳಲ್ಲಿ ಒಂದನ್ನು ಕೊಳ್ಳಿ ಎಂದು ಯಾರಿಗಾದರೂ ಹೇಳುತ್ತೇನೆ.

ಗವರ್ನರ್ ಜನರಲ್ ಹೆನ್ರಿ ಹಾರ್ಡಿಂಜ್‌ನ ಮಗ, ಅವನ ಖಾಸಗಿ ಕಾರ್ಯದರ್ಶಿಯೂ ಆಗಿದ್ದ ಚಾರ್ಲ್ಸ್ ಸ್ಟೂವರ್ಟ್ ಹಾರ್ಡಿಂಜ್ ಬರೆದ ಪಂಜಾಬ್ ಮತ್ತು ಕಾಶ್ಮೀರದ ಚಿತ್ರಗಳು 1847ರಲ್ಲಿ ಬಂದವು. ಅವನ್ನು ಕಲ್ಲಿನ ಮೇಲೆ ಇಳಿಸಿದವನು ಜೆ. ಡಿ. ಹಾರ್ಡಿಂಗ್, ಹೆಸರುಗಳು ಹತ್ತಿರವಾದ್ದರಿಂದ ಮಾರಾಟದ ಪಟ್ಟಿಗಳಲ್ಲಿ ಇಬ್ಬರೂ ಅದಲುಬದಲಾಗುತ್ತಾರೆ. ಸುಂದರವಾದ ಪುಸ್ತಕ. ಆದರೆ 1846ರ ಮಾರ್ಚ್ 16ರ ಅಮೃತಸರ ಒಪ್ಪಂದದಲ್ಲಿ ಕಾಶ್ಮೀರವನ್ನು 75 ಲಕ್ಷ ರೂಪಾಯಿಗೆ ಜಮ್ಮುವಿನ ಗುಲಾಬ್ ಸಿಂಗನಿಗೆ ಕೊಟ್ಟ ಆಡಳಿತಗಾರನ ಮಗ ಕಾಶ್ಮೀರದ ಸೊಬಗನ್ನು ಬರೆದಿದ್ದಾನೆ ಎಂಬುದನ್ನು ಮರೆತು ಅದನ್ನು ನೋಡಲು ನನಗೆ ಆಗುವುದಿಲ್ಲ.

ಚಿತ್ರಗಳಿಲ್ಲದ ಕಾಗದಗಳನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ನಿಮ್ಮಂಥವರಿಗೆ ಅವಕಾಶ ಇರುವುದು ಅಲ್ಲೇ. ಸೇನಾಪತಿಗಳ ವರದಿಗಳನ್ನು ಮುದ್ರಿಸಿದ ‘ಲಂಡನ್ ಗೆಜೆಟ್’ ವಿಶೇಷ ಸಂಚಿಕೆಗಳಿವೆ. ಪಾರ್ಲಿಮೆಂಟಿನ ಮುಂದಿಟ್ಟ ನೀಲಿ ಹೊದಿಕೆಯ ಕಡತ ಸಂಪುಟಗಳಿವೆ. 1849ರ ಪಂಜಾಬ್ ಕಡತದಲ್ಲಿ ಅಧಿಕಾರಿಗಳ ನಡುವಿನ ಪತ್ರಗಳು ನೂರಾರು ಪುಟ ತುಂಬಿವೆ. ಸಟ್ಲೆಜ್ ದಡದ ವಿಜಯಗಳಿಗಾಗಿ 1846ರಲ್ಲಿ ಇಂಗ್ಲೆಂಡಿನ ಚರ್ಚುಗಳಲ್ಲೆಲ್ಲ ಓದಿಸಿದ ಕೃತಜ್ಞತಾ ಪ್ರಾರ್ಥನೆಯ ತೆಳು ಹೊತ್ತಗೆ ಇದೆ. ಒಂದು ವ್ಯಾಪಾರಿ ಕಂಪನಿಯ ಯುದ್ಧ ಹಳ್ಳಿಯ ಚರ್ಚಿನ ಬೆಂಚಿನವರೆಗೆ ಹೇಗೆ ಬಂದು ಮುಟ್ಟಿತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಸಿಗದು. ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ರಾಬರ್ಟ್ ಬರ್ಫರ್ಡ್ ಎಂಬಾತ ದುಂಡನೆಯ ಕಟ್ಟಡದ ಒಳಗೋಡೆಗೆ ಸುತ್ತಲೂ ದೊಡ್ಡ ಚಿತ್ರ ಬರೆಸಿ ಟಿಕೆಟಿಗೆ ತೋರಿಸುತ್ತಿದ್ದ. 1846ರಲ್ಲಿ ಅಲ್ಲಿ ಪ್ರದರ್ಶನಕ್ಕಿದ್ದದ್ದು ಸೊಬ್ರಾಂವ್ ಕದನ. ಫೆಬ್ರವರಿ 10ರಂದು ನಡೆದ ಆ ಕದನದಲ್ಲಿ ಮುದಿ ಸರದಾರ ಶಾಮ್ ಸಿಂಗ್ ಅಟಾರಿವಾಲಾ ಹೋರಾಡುತ್ತಲೇ ಸತ್ತ. ದೋಣಿಗಳ ಸೇತುವೆ ಮುರಿದು ಸಾವಿರಾರು ಸೈನಿಕರು ಸಟ್ಲೆಜ್‌ನಲ್ಲಿ ಮುಳುಗಿದರು. ಅದೇ ವರ್ಷ ಲಂಡನ್ನಿನ ಜನ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ನೋಡಿದರು. ಆ ಬೃಹತ್ ಚಿತ್ರ ಇಂದು ಇಲ್ಲ. ನೋಡಲು ಬಂದವರಿಗೆ ಮಾರುತ್ತಿದ್ದ ಕಿರುಹೊತ್ತಗೆ ಮಾತ್ರ ಉಳಿದಿದೆ. ಅದರೊಳಗೆ ಮಡಚಿಟ್ಟ ಹಾಳೆಯಲ್ಲಿ ಇಡೀ ದೃಶ್ಯದ ರೇಖಾಚಿತ್ರವೂ ಅಂಕಿಗಳೂ ಇರುತ್ತವೆ. ಆ ಮಡಚಿದ ಹಾಳೆ ಇಲ್ಲದ ಪ್ರತಿಯನ್ನು ಕೊಳ್ಳಬೇಡಿ.

ಪುಸ್ತಕ ಒಂದೇ ಒಂದು ಕೊಳ್ಳುವುದಾದರೆ ಜೋಸೆಫ್ ಡೇವಿ ಕನ್ನಿಂಗ್‌ಹ್ಯಾಮ್ 1849ರಲ್ಲಿ ಪ್ರಕಟಿಸಿದ ಸಿಖ್ಖರ ಇತಿಹಾಸ. ಪುರಾತತ್ತ್ವ ಇಲಾಖೆಯನ್ನು ಕಟ್ಟಿದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್‌ನ ಅಣ್ಣ ಈತ. ಸಿಖ್ಖರ ನಡುವೆ ಅಧಿಕಾರಿಯಾಗಿ ಎಂಟು ವರ್ಷ ಇದ್ದವನು. ದರ್ಬಾರಿನ ನಾಯಕರಾದ ಲಾಲ್ ಸಿಂಗ್ ಮತ್ತು ತೇಜ್ ಸಿಂಗ್ ತಮ್ಮ ಸೈನ್ಯಕ್ಕೇ ಬಗೆದ ದ್ರೋಹವನ್ನೂ ಬ್ರಿಟಿಷರ ಕಡೆಯವರು ಅದನ್ನು ಬಳಸಿಕೊಂಡದ್ದನ್ನೂ ಮುಚ್ಚಿಡದೆ ಬರೆದ. ಪರಿಣಾಮವಾಗಿ ರಾಜಕೀಯ ಸೇವೆಯಿಂದ ಕಿತ್ತು ಅವನನ್ನು ರೆಜಿಮೆಂಟಿಗೆ ವಾಪಸು ಕಳಿಸಿದರು, 1851ರಲ್ಲಿ ತೀರಿಕೊಂಡ. 1853ರಲ್ಲಿ, ಅವನ ಸಾವಿನ ನಂತರ ಬಂದ ಎರಡನೆಯ ಆವೃತ್ತಿಯಲ್ಲಿ ಕೆಲವು ಮಾತುಗಳು ಬದಲಾಗಿವೆ. ಮೊದಲ ಆವೃತ್ತಿ ದುಬಾರಿಯೆನಿಸಿದರೆ ಎರಡನೆಯದನ್ನು ಕೊಂಡು, ಮೊದಲನೆಯದರ ಕೊನೆಯ ಅಧ್ಯಾಯವನ್ನು ಗ್ರಂಥಾಲಯದಲ್ಲಿ ಪಕ್ಕದಲ್ಲಿಟ್ಟು ಓದಿ. ಗೆದ್ದವರ ಪಾಳಯದೊಳಗೇ ಸತ್ಯ ಹೇಳಿದವನಿಗೆ ಏನಾಯಿತು ಎಂಬುದು ನಿಮ್ಮ ಸಂಗ್ರಹದಲ್ಲಿ ಇರಲೇಬೇಕು.

ಇನ್ನು ಸಿಖ್ಖರ ಕಡೆಯ ಮಾತು. ಶಾ ಮುಹಮ್ಮದ್ ಎಂಬ ಪಂಜಾಬಿ ಮುಸ್ಲಿಂ ಕವಿ ಮೊದಲ ಯುದ್ಧದ ಬೆನ್ನಲ್ಲೇ ಬರೆದ ‘ಜಂಗ್‌ನಾಮಾ’ ಬಾಯಿಂದ ಬಾಯಿಗೆ ಹರಡಿ, ಆಮೇಲೆ ಅಚ್ಚಾಯಿತು. ಒಬ್ಬ ‘ಸರ್ಕಾರ್’ ಇಲ್ಲದೆ ಹೋದ್ದರಿಂದ, ಅಂದರೆ 1839ರಲ್ಲಿ ತೀರಿಕೊಂಡ ರಣಜೀತ್ ಸಿಂಗ್ ಇಲ್ಲದ್ದರಿಂದ, ಗೆದ್ದ ಪಡೆಗಳು ಕೊನೆಗೆ ಸೋತವು ಎಂಬ ಅವನ ಸಾಲು ಪಂಜಾಬಿನಲ್ಲಿ ಇಂದಿಗೂ ಎಲ್ಲರ ನಾಲಿಗೆಯ ಮೇಲಿದೆ. ಲಾಹೋರ್ ಮತ್ತು ಅಮೃತಸರದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಪದ್ಯಪುಸ್ತಕಗಳ ಹಳೆಯ ಪ್ರತಿಗಳು, ಅದು ಗುರುಮುಖಿಯಾಗಲಿ ಪರ್ಷಿಯನ್ ಲಿಪಿಯಾಗಲಿ, ಸಿಕ್ಕರೆ ಬಿಡಬೇಡಿ. 1870ರ ದಶಕದ ಹೊತ್ತಿಗೆ ಅದೇ ಅಂಗಡಿಗಳಲ್ಲಿ ಗುರುಗಳ, ದೇವದೇವತೆಗಳ, ಪ್ರೇಮಕಥೆಗಳ ಮರದಚ್ಚಿನ ಚಿತ್ರಗಳು ಬರುತ್ತಿದ್ದವು. ಲಾಹೋರಿನ ಕಲಾಶಾಲೆಯ ಮುಖ್ಯಸ್ಥ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಕೂಡಿಹಾಕಿದ ಅಂಥ ಚಿತ್ರಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಅವು ಯುದ್ಧದ ಚಿತ್ರಗಳಲ್ಲ. ಆದರೂ ಸೋತ ನಾಡು ಅಚ್ಚಿನ ಯಂತ್ರ ಕೈಗೆ ಬಂದಾಗ ಏನನ್ನು ಮೊದಲು ಮುದ್ರಿಸಿಕೊಂಡಿತು ಎಂಬುದನ್ನು ಆಕರ್ಮನ್ನನ ಪಕ್ಕದಲ್ಲಿಟ್ಟು ನೋಡಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ಇಷ್ಟು ಪಂಜಾಬಿ ಕುಟುಂಬಗಳ ನಡುವೆ ಇದ್ದೀರಿ. ನಿಮ್ಮ ಚಿತ್ರವನ್ನು ಗುರುದ್ವಾರದ ಹಿರಿಯರೊಬ್ಬರಿಗೆ ತೋರಿಸಿ. ಜಂಗ್‌ನಾಮಾದ ಸಾಲುಗಳನ್ನು ಕಂಠಪಾಠವಾಗಿ ಬಲ್ಲವರು ಅಲ್ಲಿ ಸಿಗುತ್ತಾರೆ.

ಮಾರುಕಟ್ಟೆಯಲ್ಲಿ ಹೆಚ್ಚು ಮೋಸ ಆಗುವುದು ನಕಲಿನಿಂದಲ್ಲ, ತಪ್ಪು ಹೆಸರಿನಿಂದ. ಬ್ರಿಟಿಷ್ ಧ್ವಜದಡಿ ಸಿಖ್ ಸವಾರರು ಕಂಡರೆ ಅದು ಬಹುಮಟ್ಟಿಗೆ 1857ರದ್ದೋ ಆಮೇಲಿನದ್ದೋ ಆಗಿರುತ್ತದೆ. ಆಗ ಸಿಖ್ಖರು ಕಂಪನಿಯ ಪರ ಹೋರಾಡುತ್ತಿದ್ದರು. ಮೊದಲ ಆಫ್ಘನ್ ಯುದ್ಧದ ಕಣಿವೆಗಳ ಚಿತ್ರಗಳನ್ನೂ ಪಂಜಾಬಿನವೆಂದು ಮಾರುತ್ತಾರೆ. ಉಕ್ಕಿನ ತಗಡಿನಿಂದ ಮುದ್ರಿಸಿದ ಸಣ್ಣ ಯುದ್ಧಚಿತ್ರಗಳು ಬಹಳಷ್ಟು 1857ರ ಬಂಡಾಯದ ನಂತರ ಭಾರತದ ಬಗ್ಗೆ ಕುತೂಹಲ ಕೆರಳಿದಾಗ ಬಂದ ಸಚಿತ್ರ ಇತಿಹಾಸ ಗ್ರಂಥಗಳ ಪುಟಗಳು. ಅಡಿಬರಹದಲ್ಲಿ ಕದನದ ವರ್ಷ ಇದೆಯೆಂದು ಅದನ್ನೇ ಮುದ್ರಣದ ವರ್ಷವೆಂದು ಹೇಳಿಬಿಡುತ್ತಾರೆ. ಗುಜ್ರಾತ್ ಕದನ ನಡೆದದ್ದು ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ಪಟ್ಟಣದಲ್ಲಿ. ಅದನ್ನು ಗುಜರಾತ್ ರಾಜ್ಯದ ವಿಭಾಗದಲ್ಲಿ ಇಟ್ಟಿರುವ ವ್ಯಾಪಾರಿಗಳ ಬಳಿ ಒಳ್ಳೆಯ ಹಾಳೆ ಕಡಿಮೆ ಬೆಲೆಗೆ ಸಿಗುವುದೂ ಉಂಟು. ಅಂತರ್ಜಾಲದಲ್ಲಿ ಹುಡುಕುವಾಗ ಆ ಕಾಲದ ಇಂಗ್ಲಿಷ್ ಕಾಗುಣಿತ ಬಳಸಿ. ಪಂಜಾಬ್‌ಗೆ ಕೊನೆಯ ‘ಎ’ ನಂತರ ‘ಯು’ ಸೇರಿಸಿ, ಸಿಖ್‌ಗೆ ‘ಎಸ್’ ನಂತರ ‘ಇ, ಐ’ ಹಾಕಿ, ಮುಲ್ತಾನ್‌ಗೆ ಎರಡು ‘ಓ’ ಹಾಕಿ ಹುಡುಕಿದರೆ ಉಳಿದವರ ಕಣ್ಣಿಗೆ ಬೀಳದ್ದು ಸಿಗುತ್ತದೆ.

ಊರಿಗೆ ತರುವ ವಿಷಯ. ಪ್ರತಿಯೊಂದಕ್ಕೂ ರಸೀದಿ ಇಟ್ಟುಕೊಳ್ಳಿ, ಕಸ್ಟಮ್ಸ್‌ನಲ್ಲಿ ಘೋಷಿಸಿ. ಒಮ್ಮೆ ತಂದ ಮೇಲೆ ಮತ್ತೆ ಹೊರದೇಶಕ್ಕೆ ಒಯ್ಯುವುದು ಸುಲಭವಲ್ಲ: ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ಕಲಾವಸ್ತುಗಳನ್ನೂ, ಐತಿಹಾಸಿಕ ಮೌಲ್ಯವಿರುವ 75 ವರ್ಷ ದಾಟಿದ ದಾಖಲೆಗಳನ್ನೂ ಖಾಸಗಿಯವರು ಹೊರಗೆ ಸಾಗಿಸುವುದನ್ನು ತಡೆಯುತ್ತದೆ. ಎಲ್ಲಿ ನೆಲೆಸುತ್ತೀರಿ ಎಂಬುದು ಖಚಿತವಾದ ಮೇಲೆ ತನ್ನಿ. ಹಾಳೆಗಳನ್ನು ಸುರುಳಿ ಸುತ್ತಬೇಡಿ. ಆಮ್ಲರಹಿತ ರಟ್ಟುಗಳ ನಡುವೆ ಚಪ್ಪಟೆಯಾಗಿಟ್ಟು ಕೈಚೀಲದಲ್ಲೇ ತನ್ನಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಾಗದದ ಮೊದಲ ಶತ್ರು ತೇವ. ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಡುವಣ ಗೋಡೆಗೆ ಚಿತ್ರ ತೂಗುಹಾಕಬೇಡಿ. ಕಂದು ಚುಕ್ಕೆಗಳು ಆಗಲೇ ಇದ್ದರೆ ಮನೆಯಲ್ಲಿ ಬ್ಲೀಚ್ ಹಾಕಿ ತೊಳೆಯುವ ಸಾಹಸ ಬೇಡ; ಕೈಯಿಂದ ಹಚ್ಚಿದ ಬಣ್ಣ ನೀರಿಗೆ ಕರಗಿ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಅಂಟಿಸುವ ಲ್ಯಾಮಿನೇಷನ್ ಮತ್ತು ಸೆಲ್ಲೊಟೇಪ್ ಎರಡೂ ಹಾಳೆಗೆ ಮರಣಶಾಸನ. ಚೌಕಟ್ಟಿಗೆ ಹಾಕಿಸುವಾಗ ಜಪಾನಿ ಕಾಗದದ ಸಣ್ಣ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಬೇಕು, ಗಾಜು ಹಾಳೆಗೆ ತಾಗದಂತೆ ನಡುವೆ ರಟ್ಟಿನ ಕಿಟಕಿ ಇರಬೇಕು. ನಮ್ಮ ಹಿರಿಯರು ಓಲೆಗರಿಗಳ ಕಟ್ಟಿನಲ್ಲಿ ಬಜೆ ಬೇರು, ಬೇವಿನೆಲೆ ಇಡುತ್ತಿದ್ದರು. ಬೀರುವಿನ ಮೂಲೆಯಲ್ಲಿ ಬಟ್ಟೆಯ ಗಂಟಿನಲ್ಲಿ ಇಡಬಹುದು, ಕಾಗದಕ್ಕೆ ತಾಗಿಸಿ ಇಟ್ಟರೆ ಕಲೆಯಾಗುತ್ತದೆ. ವರ್ಷವಿಡೀ ಒಂದೇ ಚಿತ್ರ ಗೋಡೆಯ ಮೇಲೆ ಬೇಡ. ಕೆಂಪು ಬಣ್ಣ ಬಿಸಿಲಿಗೆ ಬೇಗ ಸೋಲುತ್ತದೆ. ನಾಲ್ಕು ತಿಂಗಳಿಗೊಮ್ಮೆ ಬದಲಿಸಿ.

ಮುಂದಿನದನ್ನು ಕೊಳ್ಳುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಂಗೆ ಹೋಗಿ ಬನ್ನಿ. ಅದರ ಮುದ್ರಿತ ಚಿತ್ರಗಳ ಪಟ್ಟಿ ಅಂತರ್ಜಾಲದಲ್ಲೂ ಇದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸೇನಾ ಚಿತ್ರ ಸಂಗ್ರಹದಲ್ಲಿಯೂ ಹೋಲಿಸಿ ನೋಡಬಹುದು. ನಿಮ್ಮ ಅಲಿವಾಲ್ ಚಿತ್ರದ ತಗಡಿನ ಗುರುತನ್ನು ಉದ್ದ, ಅಗಲ ಅಳೆದು ಅವರ ಅಳತೆಯೊಂದಿಗೆ ಹೋಲಿಸಿ, ಕೆಳಗಿನ ಸಣ್ಣಕ್ಷರದ ಸಾಲನ್ನು ಅಕ್ಷರಕ್ಕಕ್ಷರ ತಾಳೆ ನೋಡಿ. ಊರಿಗೆ ಬಂದಾಗ ಪಂಜಾಬಿನ ಕಡೆ ಹೋಗುವ ಸಂದರ್ಭವಿದ್ದರೆ ಫಿರೋಜ್‌ಪುರ ಜಿಲ್ಲೆಯ ಫಿರೋಜ್‌ಶಾದಲ್ಲಿರುವ ಆಂಗ್ಲೋ-ಸಿಖ್ ಯುದ್ಧ ಸ್ಮಾರಕವನ್ನು ನೋಡಿ. ಅಲ್ಲಿ ಚಿತ್ರಕಾರ ಕಿರ್ಪಾಲ್ ಸಿಂಗ್ ಇವೇ ಕದನಗಳನ್ನು ಸಿಖ್ ಪಾಳಯದ ಕಡೆಯಿಂದ ಬರೆದಿದ್ದಾರೆ. ನಿಮ್ಮ ಹಾಳೆಯ ನೀರುಗುರುತು ಮತ್ತು ಕೆಳಗಿನ ಸಾಲಿನ ಸ್ಪಷ್ಟವಾದ ಫೋಟೊ ಕಳಿಸಿದರೆ ಅದು ಯಾವ ಕಾಲದ ಪ್ರತಿ ಎಂದು ತಿಳಿಸುತ್ತೇನೆ.